ಹನ್ನೆರಡನೆಯ ನಿಮಿಷದಲ್ಲಿ ನಿಂತ ಎಂಜಿನ್

ಹೆಪ್ಪುಗಟ್ಟಿದ ವೋಲ್ಗಾದ ಆಚೆ ದಡದಲ್ಲಿ, ಹಿಮದೊಳಗೆ ಮೂತಿ ಹುಗಿದುಕೊಂಡು ವಿಮಾನ ನಿಂತಿತ್ತು. ಬೆಂಕಿ ಹತ್ತಿರಲಿಲ್ಲ. ಪೈಲಟ್ ಅರ್ಸೇನಿ ಕೊಲ್ಚಿನ್ ಇನ್ನೂ ತನ್ನ ಆಸನದಲ್ಲೇ ಇದ್ದ. ಚಾಲಕದಂಡ ಎದೆಗೆ ನಾಟಿತ್ತು. ತೈಸಿಯಾ ಮುಖ ಆಚೆ ತಿರುಗಿಸಿದಳು.

"ನೋಡು. ನೋಡೋಕೆ ಅಂತಾನೆ ನಿನಗೆ ಸಂಬಳ," ಎಂದ ಯೆರ್ಮೊಲಾಯ್ ಲುಕಿಚ್ ದ್ರೊಜ್ದೊವ್.

ದ್ರೊಜ್ದೊವ್ ಆ ವಿಮಾನನೆಲೆಯ ಅಪಘಾತ ತನಿಖೆಗಾರ. ನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ವಿಮಾನಗಳು ಬಿದ್ದದ್ದು ಏಕೆಂದು ಹೇಳಿದ್ದ; ಹತ್ತೊಂಬತ್ತೂ ಸರಿಯಾಗಿತ್ತು. ಅವನು ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಗದಕ್ಕೆ ಇಳಿಸುವುದು ತೈಸಿಯಾಳ ಕೆಲಸ. ಅವನ ನಾಲಿಗೆಯನ್ನು ಸಹಿಸಿಕೊಂಡು ಇಷ್ಟು ದಿನ ಉಳಿದವಳು ಅವಳೊಬ್ಬಳೇ.

ಅವನು ಮೊದಲು ಇಂಧನದ ಕೊಳವೆ ಬಿಚ್ಚಿದ. ಬಾಗಿದ ಜಾಗದಲ್ಲಿ ಅವರೆಕಾಳಿನಷ್ಟು ಮಂಜುಗಡ್ಡೆ ಸಿಕ್ಕಿಕೊಂಡಿತ್ತು. ಅಂಗೈಯಲ್ಲಿ ಕರಗಿಸಿ ನಾಲಿಗೆಗೆ ಮುಟ್ಟಿಸಿದ. "ನೀರು. ಪೆಟ್ರೋಲಿನ ಜೊತೆ ಹೋಗಿದೆ, ಮೇಲೆ ಹಾರಿದಾಗ ಹೆಪ್ಪುಗಟ್ಟಿದೆ. ಹನ್ನೆರಡನೇ ನಿಮಿಷಕ್ಕೆ ಎಂಜಿನ್ ಬಾಯಿ ಮುಚ್ಕೊಂಡಿದೆ."

ಆಮೇಲೆ ಹೆಣದ ಕೈಗವಸುಗಳನ್ನು ಎಳೆದು ತೆಗೆದ. ಸೆಟೆದ ಬೆರಳುಗಳು ಲಟಕ್ಕೆಂದವು. ಮೆತ್ತನೆಯ ಹಳದಿ ಚರ್ಮ, ಮನೆಯಲ್ಲೇ ಹೊಲಿದದ್ದು. ಒಂದರ ಬೆನ್ನಿನ ಮೇಲೆ ಸಣ್ಣ ತೂತುಗಳು ಕಮಾನಿನಂತೆ ಸಾಲಾಗಿದ್ದವು. ಅವುಗಳಲ್ಲಿ ದಾರವಿರಲಿಲ್ಲ. ದ್ರೊಜ್ದೊವ್ ಅವನ್ನು ಮೂಸಿ, ಜೇಬಿಗಿಳಿಸಿದ.

ನೆಲೆಗೆ ಮರಳುವಷ್ಟರಲ್ಲಿ ಅಪರಾಧಿ ಸಿದ್ಧನಾಗಿದ್ದ. ನೆಲೆಯ ಮುಖ್ಯಸ್ಥ ವಿಕೆಂತಿ ಶುಬಿನ್ ಮೆಕ್ಯಾನಿಕ್ ದೆಮ್ಯಾನನನ್ನು ಸೌದೆ ಕೋಣೆಯಲ್ಲಿ ಕೂಡಿಹಾಕಿದ್ದ. ಶುಬಿನ್ನನ ಕಣ್ಣು ಅತ್ತು ಕೆಂಪಗಾಗಿತ್ತು.

"ಹೋದ ವಾರ ಎಲ್ಲರೆದುರಿಗೇ ಕೊಲ್ಚಿನ್ ಅವನ ಕೆನ್ನೆಗೆ ಬಾರಿಸಿದ್ದ," ಎಂದ ಶುಬಿನ್. "ಸೇಡು ತೀರಿಸ್ಕೊಂಡ. ನಾಳೆ ಬೆಳಿಗ್ಗೆ ಪಟ್ಟಣದಿಂದ ಭದ್ರತೆಯೋರು ಬರ್ತಾರೆ. ಇಂಥ ಬುಡಮೇಲು ಕೃತ್ಯಕ್ಕೆ ಗುಂಡು ಬಿಟ್ಟು ಬೇರೆ ಶಿಕ್ಷೆ ಇಲ್ಲ."

"ಪೆಟ್ರೋಲು ಸೋಸೋ ಆಲಿಕೆ ಎಲ್ಲಿ?"

"ಉಗ್ರಾಣದಲ್ಲಿ ಭದ್ರವಾಗಿದೆ. ಉಗ್ರಾಣದೋನು ಟೈಫಸ್ ಬಂದು ಮಲಗಿ ಇಪ್ಪತ್ತು ದಿನ ಆಯ್ತು. ಅವತ್ತಿಂದ ಬೀಗದಕೈ ನನ್ನ ಸೊಂಟ ಬಿಟ್ಟಿಲ್ಲ. ದಿನಾ ನಾನೇ ಕೊಡೋದು, ನಾನೇ ಒಳಗಿಡೋದು." ಶುಬಿನ್ ತಾನೇ ಹೋಗಿ ಆಲಿಕೆ ತಂದುಕೊಟ್ಟ. ಅದರ ಬಾಯಿಯ ತಗಡಿನ ಬಳೆಗೆ ಸೋಸುವ ಹಳದಿ ಪದರವನ್ನು ಬಿಳಿ ದಾರದಲ್ಲಿ ಹೊಲಿಯಲಾಗಿತ್ತು. ದಾರ ಹೊಸದು.

ಸೌದೆ ಕೋಣೆಯಲ್ಲಿ ದೆಮ್ಯಾನ್ ಮುದುಡಿ ಕೂತಿದ್ದ. ತುಟಿ ಒಡೆದಿತ್ತು.

"ಚರ್ಮದಲ್ಲೇ ಸೋಸಿದೆ, ಯೆರ್ಮೊಲಾಯ್ ಲುಕಿಚ್. ಚರ್ಮ ನೀರು ಬಿಡಲ್ಲ, ಪೆಟ್ರೋಲು ಮಾತ್ರ ಬಿಡುತ್ತೆ. ನನಗದು ಗೊತ್ತಿಲ್ವಾ?"

"ಆವತ್ತು ಏನಾದ್ರೂ ಬೇರೆ ಥರ ಅನ್ನಿಸ್ತಾ?"

ದೆಮ್ಯಾನ್ ಯೋಚಿಸಿದ. "ಪೆಟ್ರೋಲು ದಿನಕ್ಕಿಂತ ಬೇಗ ಇಳೀತು. ಮೈನಸ್ ಮೂವತ್ತು ಡಿಗ್ರಿ ಚಳಿ, ಬೆರಳು ಮರಗಟ್ಟಿದ್ವು. ಬೇಗ ಮುಗೀತಲ್ಲ ಅಂತ ಖುಷಿ ಆಯ್ತು ನಂಗೆ."

"ಬರ್ಕೊಂಡ್ಯಾ?" ಎಂದು ದ್ರೊಜ್ದೊವ್ ತೈಸಿಯಾಳನ್ನು ಕೇಳಿದ. ಅವಳು ಅಕ್ಷರ ಬಿಡದೆ ಬರೆದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದರು. ಪಟ್ಟಣದಿಂದ ಬಂದ ಭದ್ರತಾ ಅಧಿಕಾರಿ ಮೆಝುಯೆವ್ ಒಲೆಯ ಪಕ್ಕ ಕುಳಿತ. ಶುಬಿನ್, ಕೈಕಟ್ಟಿದ ದೆಮ್ಯಾನ್, ಕಪ್ಪು ಶಾಲು ಹೊದ್ದ ಕೊಲ್ಚಿನ್‌ನ ಹೆಂಡತಿ ಗ್ಲಫೀರಾ ಇದ್ದರು.

"ಅವಳನ್ನ ಒಬ್ಬಳೇ ಇದ್ದಾಗ ಕೇಳಬಹುದಿತ್ತು," ಎಂದು ತೈಸಿಯಾ ಪಿಸುಗುಟ್ಟಿದಳು.

"ಒಬ್ಬಳೇ ಇದ್ರೆ ಯೋಚಿಸ್ತಾಳೆ. ಯೋಚಿಸಿದ್ರೆ ಸುಳ್ಳು ಹೇಳ್ತಾಳೆ."

ದ್ರೊಜ್ದೊವ್ ಪೆಟ್ರೋಲಿಗೆ ಬೀಟ್‌ರೂಟಿನ ಕೆಂಪು ನೀರು ಬೆರೆಸಿ ಆಲಿಕೆಗೆ ಸುರಿದ. ಕೆಳಗಿನ ಗಾಜಿನ ಪಾತ್ರೆಯ ತಳದಲ್ಲಿ ಕೆಂಪು ನಿಂತಿತು.

"ಚರ್ಮವಾಗಿದ್ರೆ ಕೆಂಪು ಮೇಲೇ ನಿಲ್ಲಬೇಕಿತ್ತು. ಇದು ಚರ್ಮವಲ್ಲ. ಸೈನಿಕರು ಕಾಲಿಗೆ ಸುತ್ತೋ ಬಟ್ಟೆ. ಬಿಸಿನೀರು ಹನಿಸಿ ನೋಡಿದೆ, ಬಣ್ಣ ಬಿಡ್ತು. ಈರುಳ್ಳಿ ಸಿಪ್ಪೇಲಿ ಕುದಿಸಿ ಹಳದಿ ಮಾಡಿದ್ದಾರೆ. ಅದಕ್ಕೇ ಅವತ್ತು ಪೆಟ್ರೋಲು ಬೇಗ ಇಳಿದದ್ದು. ದೆಮ್ಯಾನನೇ ಹಾಗಂದ, ಬರೆದಿಟ್ಟಿದೀವಿ. ಚರ್ಮ ತೆಗೆದು ಬಟ್ಟೆ ಹಾಕಿದೋನು ತಾನೇ ಬಂದು ಬೇಗ ಇಳೀತು ಅಂತ ಹೇಳ್ತಾನಾ?"

"ಹಾಗಾದ್ರೆ ಚರ್ಮ ಎಲ್ಲಿ?" ಎಂದ ಮೆಝುಯೆವ್.

ದ್ರೊಜ್ದೊವ್ ಜೇಬಿನಿಂದ ಕೈಗವಸು ತೆಗೆದು, ಚಾಕುವಿನಿಂದ ಹೊಲಿಗೆ ಸೀಳಿ ಬಿಡಿಸಿದ. ಗ್ಲಫೀರಾ ಸಣ್ಣಗೆ ನರಳಿದಳು. ಬಿಡಿಸಿದ ಚರ್ಮವನ್ನು ಆಲಿಕೆಯ ಬಳೆಯ ಮೇಲಿಟ್ಟ. ಚರ್ಮದ ಹದಿನಾಲ್ಕು ತೂತುಗಳು ತಗಡಿನ ತೂತುಗಳ ಮೇಲೆ ಒಂದೊಂದಾಗಿ ಕೂತವು.

"ಗ್ಲಫೀರಾ, ಹೊಲಿದದ್ದು ನೀನು. ಚರ್ಮ ಕೊಟ್ಟದ್ದು ಯಾರು?"

ಅವಳ ದೃಷ್ಟಿ ತಾನಾಗಿ ಶುಬಿನ್ನನ ಕಡೆ ಹೋಯಿತು. ಆಮೇಲೆ ಬಾಯಿ ತೆರೆಯಿತು. "ಅರ್ಸೇನಿಯ ಕೈ ಚಳಿಗೆ ಬಿರಿದು ರಕ್ತ ಬರ್ತಿತ್ತು. ಹಾರೋ ಹಿಂದಿನ ದಿನ ಇವರೇ ಮನೆಗೆ ತಂದುಕೊಟ್ರು. ಉಳಿದಿದ್ದ ತುಂಡು ಅಂದ್ರು. ನಾನು... ನಾನೇ ಹೊಲಿದೆ."

"ಒಂದು ವಾರದಲ್ಲಿ ಹೊಸ ಚರ್ಮ ಬರೋದಿತ್ತು," ಎಂದ ಶುಬಿನ್. ಅವನ ದನಿ ಸಣ್ಣದಾಗಿತ್ತು. "ಇವಳ ಕಣ್ಣಿಗೆ ಒಳ್ಳೆಯೋನಾಗಬೇಕು ಅನ್ನಿಸ್ತು, ಅಷ್ಟೇ. ಅವನು ಸಾಯಲಿ ಅಂತ ಅಲ್ಲ."

"ಅವನು ಸಾಯಲಿ ಅಂತ ಅಲ್ಲ, ನಿಜ. ತಪ್ಪು ಬಯಲಾಗದಿರಲಿ ಅಂತ ಬಟ್ಟೆಗೆ ಬಣ್ಣ ಹಾಕಿದೆ. ಆದ್ರೆ ನಿನ್ನೆ ದೆಮ್ಯಾನನ್ನ ಕೂಡಿಹಾಕಿದಾಗ ನಿನಗೆ ಎಲ್ಲಾ ಗೊತ್ತಿತ್ತು. ಬೀಗದಕೈ ಇಪ್ಪತ್ತು ದಿನ ನಿನ್ನ ಸೊಂಟದಲ್ಲೇ ಇತ್ತು, ನೀನೇ ಹೇಳಿದೆ."

ಗ್ಲಫೀರಾ ಎದ್ದು ಬಂದು ಸೀಳಿದ ಚರ್ಮವನ್ನು ಕೈಗೆತ್ತಿಕೊಂಡಳು. ತನ್ನ ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿದಳು. ಅಳಲಿಲ್ಲ. ಯಾರೂ ಅವಳನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

ಮೆಝುಯೆವ್ ತೈಸಿಯಾಳ ಪುಸ್ತಕ ತೆಗೆದುಕೊಂಡು ನಿಧಾನವಾಗಿ ಓದಿದ. "ಶುಬಿನ್‌ಗೆ ಗುಂಡು," ಎಂದ. "ಮೆಕ್ಯಾನಿಕ್‌ಗೆ ಐದು ವರ್ಷ, ಉತ್ತರದ ಸೆರೆಶಿಬಿರ."

"ಅವನು ನಿರಪರಾಧಿ. ಈಗಷ್ಟೇ ತೋರಿಸಿದೆ," ಎಂದ ದ್ರೊಜ್ದೊವ್.

"ಪೆಟ್ರೋಲು ಬೇಗ ಇಳಿದದ್ದು ಕಂಡಿದ್ದಾನೆ. ಏಕೆ ಅಂತ ಕೇಳಿಲ್ಲ. ಖುಷಿಪಟ್ಟಿದ್ದಾನೆ. ನಿಮ್ಮ ದಾಖಲೆಯಲ್ಲೇ ಇದೆ."

"ಆ ಪುಟ ಬೇಕಾಗಿಲ್ಲ. ಕೈಗವಸೊಂದೇ ಸಾಕು."

"ನಿಮಗೆ ಬೇಕಾಗಿಲ್ಲ. ನನಗೆ ಬೇಕು." ಮೆಝುಯೆವ್ ಪುಟವನ್ನು ಹರಿದು ಮಡಚಿ, ಕೋಟಿನೊಳಗೆ ಇಟ್ಟುಕೊಂಡ.

ಅಂಗಳದಲ್ಲಿ ಶುಬಿನ್ನನನ್ನೂ ದೆಮ್ಯಾನನನ್ನೂ ಒಂದೇ ಲಾರಿಗೆ ಹತ್ತಿಸಿದರು. ದೆಮ್ಯಾನ್ ಹಲಗೆಯ ಮೇಲಿಂದ ಬಾಗಿ ದ್ರೊಜ್ದೊವ್‌ನ ತೋಳು ಹಿಡಿದುಕೊಂಡ. ಒಡೆದ ತುಟಿಯಲ್ಲಿ ನಗುತ್ತಿದ್ದ.

"ಜೀವ ಉಳಿಸಿದ್ರಿ, ಯೆರ್ಮೊಲಾಯ್ ಲುಕಿಚ್. ಸಾಯೋವರೆಗೂ ಮರೆಯಲ್ಲ. ನಮ್ಮ ತಾಯಿಗೆ ಒಂದು ಕಾಗದ ಹಾಕಿ, ಹೀಗೆ ಕಾಪಾಡಿದ್ರಿ ಅಂತ."

ಲಾರಿ ಹೊರಟಿತು. ದ್ರೊಜ್ದೊವ್ ತೈಸಿಯಾಳ ಕಡೆ ತಿರುಗಲಿಲ್ಲ. "ಅವನ ತಾಯಿಗೆ ನೀನು ಬರಿ," ಎಂದ. "ನನ್ನ ಹೆಸರು ಹಾಕಬೇಡ."