ಗುಳ್ಳೆ ಬಾರದ ಬಾಟಲಿ

“ಇವನಾ? ಬೇರೆ ಡಾಕ್ಟರೇ ಸಿಗಲಿಲ್ವಾ ಈ ಆಸ್ಪತ್ರೆಗೆ!”

ಅರ್ಧ ಉಸಿರಿನಲ್ಲೇ ಅಬ್ಬರಿಸಿದಳು ಪಿ.ಟಿ. ಟೀಚರ್. ಇಡೀ ಮೈದಾನಕ್ಕೆ ಕೇಳುವ ಗಂಟಲು ಇವತ್ತು ಪಕ್ಕದಲ್ಲಿದ್ದ ನರ್ಸಿಗೂ ಸರಿಯಾಗಿ ಕೇಳಲಿಲ್ಲ. ಅವಳ ಎಡ ಶ್ವಾಸಕೋಶ ಮತ್ತೆ ಕುಸಿದಿತ್ತು. ಎದುರಿಗೆ ನಿಂತಿದ್ದವನು, ಹೋದ ವರ್ಷ ಅವಳು ಯಾರ ಮುಂದೆ ನಿಶ್ಚಿತಾರ್ಥದ ಉಂಗುರ ಬಿಸಾಕಿ ಬಂದಿದ್ದಳೋ ಅದೇ ಡಾಕ್ಟರ್!

ಆಗಲೂ ಹೀಗೇ ಕುಸಿದಿತ್ತು. ಪಕ್ಕೆಲುಬುಗಳ ನಡುವೆ ಬೆರಳಿನಷ್ಟು ದಪ್ಪದ ಪೈಪು ತುರುಕಿದ್ದ, ಮಹಾನುಭಾವ! “ಸಾಕು, ಬಿಡು” ಎಂದು ಚೀರಿದರೂ ಅವಳ ಮುಖ ನೋಡಿರಲಿಲ್ಲ. ಕಣ್ಣೆಲ್ಲ ಪೈಪಿನ ತುದಿಯ ನೀರಿನ ಬಾಟಲಿಯ ಮೇಲೆ. ಮದುವೆಯಾಗಬೇಕಿದ್ದವನು! ನೋವನ್ನಾದರೂ ಮರೆತಾಳು, ಅದನ್ನು ಹೇಗೆ ಮರೆಯುವುದು?

“ಈ ಸಲ ಸಣ್ಣ ಪೈಪು ಹಾಕ್ತೀನಿ,” ಎಂದ.

ಹಾಕಿದ. ಇಂಜೆಕ್ಷನ್ ಚುರುಕ್ ಎಂದದ್ದು ಬಿಟ್ಟರೆ ಹೆಚ್ಚೇನೂ ನೋಯಲಿಲ್ಲ. ಪೆನ್ನಿನ ರೀಫಿಲ್‌ನಷ್ಟೇ ಸಣ್ಣದು! ಎದೆಯೊಳಗೆ ಸಿಕ್ಕಿಕೊಂಡಿದ್ದ ಗಾಳಿ ಬಾಟಲಿಯ ನೀರಲ್ಲಿ ಗುಳುಗುಳು ಎಂದು ಹೊರಬಂತು. ಉಸಿರು ಬಂದದ್ದೇ ತಡ, ಸಿಟ್ಟೂ ಬಂತು.

ಆದರೆ ಮಾರನೆಯ ದಿನವೂ ಕೆಮ್ಮಿದಾಗಲೆಲ್ಲ ಗುಳ್ಳೆ... ಗಾಳಿ ಸೋರುತ್ತಿದ್ದ ಶ್ವಾಸಕೋಶದ ತೂತು ಇನ್ನೂ ಮುಚ್ಚಿರಲಿಲ್ಲ. ದೊಡ್ಡ ಡಾಕ್ಟರು ಅವನ ಮೇಲೆ ಹರಿಹಾಯ್ದರು. “ಸಣ್ಣದು ಕಟ್ಕೊಳ್ಳುತ್ತೆ, ಸಾಲಲ್ಲ ಅಂತ ಹೇಳಿರ್ಲಿಲ್ವಾ? ನಾಳೆಯೂ ಗುಳ್ಳೆ ಬಂದ್ರೆ ದಪ್ಪದ್ದೇ ಹಾಕೋದು!”

ಮತ್ತೆ ಆ ಪೈಪಾ? ಅವಳ ಜೀವ ಬಾಯಿಗೆ ಬಂತು.

ಬೆಳಿಗ್ಗೆ ಅವನು ಬಂದ ಕೂಡಲೇ ಕೇಳಿದಳು. “ಹೋದ ಸಲ ಈ ಸಣ್ಣದು ಇರ್ಲಿಲ್ವಾ?”

“ಇತ್ತು.”

“ಇತ್ತಾ! ಮತ್ಯಾಕೆ ನನಗೆ ದಪ್ಪದ್ದು ಚುಚ್ಚಿದೆ?”

“ಇದು ಹಾಕೋಕೆ ನನಗೆ ಬರ್ತಿರ್ಲಿಲ್ಲ. ಆಮೇಲೆ ಕಲಿತೆ... ನೀನು ಚೀರಿದ್ದು ಕಿವಿ ಬಿಟ್ಟು ಹೋಗ್ಲೇ ಇಲ್ಲ.”

“ಹೇಳೋಕೇನಾಗಿತ್ತು? ಈಗಲೂ ಆ ಹಾಳು ಬಾಟಲೀನೇ ನೋಡ್ತಿದ್ದೀಯಲ್ಲೋ, ಕಲ್ಲುಗುಂಡು!”

ನಿಜಕ್ಕೂ ಅವನು ಬಗ್ಗಿ ಬಾಟಲಿಯನ್ನೇ ನೋಡುತ್ತಿದ್ದ. “ಇನ್ನೊಂದ್ಸಲ ಬೈ.”

“ಏನು?”

“ಜೋರಾಗಿ. ಮೈದಾನದಲ್ಲಿ ಬೈಯೋ ಥರ.”

ಅವಳ ಮೈಯೆಲ್ಲ ಉರಿದುಹೋಯಿತು. “ಮನುಷ್ಯನೇನೋ ನೀನು! ಒಂದೇ ಒಂದ್ಸಲ ನನ್ನ ಮುಖ ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ!”

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಬಾಟಲಿಯ ನೀರು ಅವಳ ಉಸಿರಿನೊಂದಿಗೆ ಏರಿ ಇಳಿಯಿತು, ಅಷ್ಟೇ.

“ನೀರು ಆಡ್ತಿದೆ, ಅಂದ್ರೆ ಪೈಪು ಕಟ್ಟಿಲ್ಲ. ಇಷ್ಟು ಜೋರಾಗಿ ಕೂಗಿದ್ರೂ ಗುಳ್ಳೆ ಒಂದೂ ಇಲ್ಲ...” ಅವನ ದನಿ ಒಡೆಯಿತು. “ತೂತು ಮುಚ್ಚಿದೆ ಕಣೇ! ಎಕ್ಸ್‌ರೇ ತೆಗೆದು ನೋಡಿ ಇದನ್ನೂ ತೆಗೆದುಬಿಡ್ಬಹುದು. ದಪ್ಪದ್ದು ಬೇಡ.”

ಅವಳು ಅಳುತ್ತಿದ್ದಳು. ಸಿಟ್ಟಿಗೋ ಸಮಾಧಾನಕ್ಕೋ ಅವಳಿಗೇ ತಿಳಿಯಲಿಲ್ಲ.

“ಅವತ್ತು ನಿನ್ನ ಮುಖ ನೋಡಿದ್ರೆ ನನ್ನ ಕೈ ನಡುಗ್ತಿತ್ತು. ಕೈ ನಡುಗಿದ್ರೆ ನಿನ್ನನ್ನೇ ಕಳ್ಕೋತಿದ್ದೆ. ಅದಕ್ಕೇ ಬಾಟಲಿ ನೋಡ್ದೆ.”

“ನನ್ನ ಸಿಟ್ಟು ಇನ್ನೂ ಹೋಗಿಲ್ಲ,” ಎಂದಳು ಕಣ್ಣೊರೆಸಿಕೊಳ್ಳುತ್ತಾ.

“ಹೋಗೋದು ಬೇಡ. ದಿನಾ ಬೈ. ನಮ್ಮನೇಲಿ.”

“ಮನೇಲಿ ಬಾಟಲಿ ಇರಲ್ಲ. ನನ್ನನ್ನೇ ನೋಡ್ಬೇಕಾಗುತ್ತೆ.”

“ನೋಡ್ತೀನಿ,” ಎಂದು ಅವಳ ಕೈ ಹಿಡಿದು, ನೋಡಿದ.