ಬೆರಕೆ ಎಂಜಿನ್ನಿನ ಕೆಂಪು ಕಾರು

"ದೊಡ್ಡಮ್ಮಾ, ನನ್ನ ಕಾರಿನ ಕೊರಳಪಟ್ಟಿ ಕದ್ದುಬಿಟ್ಟಿದ್ದಾರೆ!"

ಬೆಳಗಿನ ಕಾಫಿ ಇನ್ನೂ ಮುಗಿದಿರಲಿಲ್ಲ. ಕೆಳಗಿನ ಗ್ಯಾರೇಜಿನ ಒಡತಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಬೀದಿಯವರೆಲ್ಲ ಅವಳನ್ನು ಮೆಕ್ಯಾನಿಕ್ಕಮ್ಮ ಅನ್ನುತ್ತಿದ್ದರು. ಅಳುವ ಜಾಯಮಾನದವಳಲ್ಲ. ಆವತ್ತು ಕಣ್ಣು ಕೆಂಡವಾಗಿತ್ತು.

ನನ್ನ ದೊಡ್ಡಮ್ಮ ವಿಮಾ ಕಂಪನಿಯೊಂದಕ್ಕೆ ಅಪಘಾತಗಳ ತನಿಖೆ ಮಾಡಿ ನಿವೃತ್ತಳಾದವಳು. ಆಮೇಲೂ ಊರಿನ ಕಳವು, ಮೋಸಗಳೆಲ್ಲ ಅವಳ ಮನೆಗೇ ದಾರಿ ಕೇಳಿಕೊಂಡು ಬರುತ್ತಿದ್ದವು. ನಾನು ಅವಳ ತಂಗಿಯ ಮಗ. ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ, ಬಿಡುವಿದ್ದಾಗ ಅವಳ ಚೀಲ ಹೊರುತ್ತಿದ್ದೆ.

"ಯಾವ ಕೊರಳಪಟ್ಟಿ? ಸರಿಯಾಗಿ ಹೇಳು," ಅಂದಳು ದೊಡ್ಡಮ್ಮ, ಚಪ್ಪಲಿ ಹುಡುಕುತ್ತಾ.

ಮೆಟ್ಟಿಲಿಳಿಯುತ್ತಲೇ ಮೆಕ್ಯಾನಿಕ್ಕಮ್ಮ ಹೇಳಿದಳು. ಎರಡು ಸೀಟಿನ ಆ ಕೆಂಪು ಸ್ಪೋರ್ಟ್ಸ್ ಕಾರು ಅವಳ ಅಪ್ಪನದು. ಬೆಟ್ಟ ಹತ್ತುವ ಓಟದಲ್ಲಿ ತಿರುವೊಂದರಲ್ಲಿ ಕಾರು ಉರುಳಿ ಅವರು ತೀರಿಕೊಂಡಿದ್ದರು. ಅಂದಿನಿಂದ ಅದು ಟಾರ್ಪಾಲಿನಡಿ ಮಲಗಿತ್ತು. ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು, ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಹಟ ಹಿಡಿದ ಮಗಳು ಬೇರೊಂದು ಕಂಪನಿಯ ಸಾಮಾನು ಸಾಗಿಸುವ ವ್ಯಾನಿನ ಎಂಜಿನ್ ತಂದು ಕೂರಿಸಿದಳು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮತ್ತೊಂದು ಕಂಪನಿಯದು. ಇವೆರಡರ ಬಾಯಿ ಒಂದಕ್ಕೊಂದು ಕೂಡದೆ, ನಡುವೆ ಅಲ್ಯೂಮಿನಿಯಮ್ಮಿನ ಬಳೆಯೊಂದನ್ನು ತಾನೇ ಲೇತಿನಲ್ಲಿ ಕಡೆದು ಕೂರಿಸಿದ್ದಳು. ಅದೇ ಕೊರಳಪಟ್ಟಿ. ಲೋಕದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದೇ ಬೆಟ್ಟದ ಓಟ ಆವತ್ತು ಮಧ್ಯಾಹ್ನವಿತ್ತು.

ಗ್ಯಾರೇಜಿನಲ್ಲಿ ಅವಳ ಅಣ್ಣ ತಲೆ ತಗ್ಗಿಸಿ ಕೂತಿದ್ದ. ಅಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು ಅವನೇ. ಬೆಸುಗೆ ಕೆಲಸದವನು ಗೋಡೆಗೊರಗಿ ಬೀಡಿ ಸೇದುತ್ತಿದ್ದ. ಹಿಂದಿನ ದಿನವಷ್ಟೇ ಒಡತಿಗೂ ಅವನಿಗೂ ಜೋರು ಜಗಳವಾಗಿತ್ತು.

"ನನ್ನ ಮುಖ ಏನ್ ನೋಡ್ತೀರಿ? ಹಳೇ ಕಾರಿನ ಕ್ಲಬ್ಬಿನ ಅಧ್ಯಕ್ಷರನ್ನ ಹಿಡೀರಿ," ಅಂದ ಅವನು. "ನಿನ್ನೆ ಸಂಜೆ ಬಂದು, ಈ ಬೆರಕೆ ಗಾಡಿ ಬೆಟ್ಟ ಹತ್ತೋಕೆ ನಾನು ಬಿಡಲ್ಲ ಅಂತ ಕೂಗಾಡಿ ಹೋದ್ರು."

"ಹಿಂಬಾಗಿಲ ಚಿಲಕ ಕೆಟ್ಟು ಎಷ್ಟೋ ದಿನ ಆಯ್ತು," ಅಂದ ಅಣ್ಣ ಮೆಲ್ಲಗೆ. "ಯಾರು ಬೇಕಾದ್ರೂ ಬರಬಹುದು."

ದೊಡ್ಡಮ್ಮ ಬಾನೆಟ್ಟಿನೊಳಗೆ ಬಗ್ಗಿದಳು. ಬಿಚ್ಚಿದ ಕಾರ್ಬುರೇಟರ್ ಪಕ್ಕದಲ್ಲೇ ಇತ್ತು. ಅದರ ಬಾಯಿಗೂ ಎಂಜಿನ್ನಿನ ಬಾಯಿಗೂ ಬಟ್ಟೆ ಮುಚ್ಚಿ, ಸುತ್ತ ಕಾಗದದ ಅಂಟುಪಟ್ಟಿ ಸುತ್ತಲಾಗಿತ್ತು.

"ಈ ಬಟ್ಟೆ ನೀನು ಕಟ್ಟಿದ್ದಾ?"

"ಇಲ್ಲ, ಬಂದಾಗ ಹೀಗೇ ಇತ್ತು. ಅದಿರಲಿ, ಇದನ್ನ ನೋಡಿ!" ಮೆಕ್ಯಾನಿಕ್ಕಮ್ಮ ಎರಡು ಬೋಲ್ಟು ಮುಂದೆ ಹಿಡಿದಳು. ತಲೆಯ ಮೂಲೆಗಳು ಇಲಿ ಕಡಿದಂತೆ ಸವೆದಿದ್ದವು. "ಹಳೇ ಕಾರುಗಳ ಬೋಲ್ಟು ಅಂಗುಲದ ಅಳತೆ, ನನ್ನ ಎಂಜಿನ್ನಿಂದು ಮಿಲಿಮೀಟರ್. ಅಂಗುಲದ ಸ್ಪ್ಯಾನರ್ ಹಾಕಿದ್ರೆ ಜಾರಿ ಹೀಗೇ ಆಗೋದು. ಅಧ್ಯಕ್ಷರು ಅಂಗುಲದ ಸ್ಪ್ಯಾನರ್ ಬಿಟ್ಟು ಬೇರೆ ಮುಟ್ಟಲ್ಲ!"

ದೊಡ್ಡಮ್ಮ ಬೋಲ್ಟುಗಳನ್ನು ಬೆಳಕಿಗೆ ಹಿಡಿದಳು. ತಲೆಗಿಂತ ಕೆಳಗೆ ತಿರುಪು ಗೀರುಗಳಿರುವ ಮರೆಯನ್ನೇ ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ಎರಡು ಪಕ್ಕದಲ್ಲೂ ಮರೆ ಚಪ್ಪಟೆಯಾಗಿತ್ತು. ನನಗೇನೂ ಹೊಳೆಯಲಿಲ್ಲ. ಆಮೇಲೆ ಅವಳು ಗ್ಯಾರೇಜು ಸುತ್ತಿದಳು. ಗೋಡೆಯಲ್ಲಿ ತೂಗುತ್ತಿದ್ದ ಮೆಕ್ಯಾನಿಕ್ಕಮ್ಮನ ಅಪ್ಪನ ಹಳೇ ಅಂಗುಲದ ಸ್ಪ್ಯಾನರುಗಳು, ಸಾಮಾನು ಕಚ್ಚಿ ಹಿಡಿಯಲು ಬೆಂಚಿಗೆ ಬಿಗಿದ ವೈಸ್, ಮೂಲೆಯಲ್ಲಿ ಬಣ್ಣಕ್ಕೆ ಕಾದಿದ್ದ ಇನ್ನೊಂದು ಕಾರು, ಎಲ್ಲ ನೋಡಿದಳು. ಆ ಕಾರಿನ ದೀಪಗಳಿಗೆ ಬಣ್ಣ ತಾಗದಂತೆ ಅಂಟಿಸಿದ್ದ ಕಾಗದದ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಅಧ್ಯಕ್ಷರನ್ನ ಕರೆಸು," ಅಂದಳು ನನಗೆ.

ಅಧ್ಯಕ್ಷರು ಇಸ್ತ್ರಿ ಹಾಕಿದ ಕೋಟಿನಲ್ಲಿ ಬಂದರು. ಕೂರಲಿಲ್ಲ. "ಹೌದು, ನನಗೆ ಈ ಕಾರು ಕಂಡ್ರೆ ಹೊಟ್ಟೆ ಉರಿಯುತ್ತೆ. ಅಸಲಿ ಕಾರಿನ ಜಾತಿ ಕೆಡಿಸಿದ್ದಾಳೆ ಈ ಹುಡುಗಿ. ಹಾಗಂತ ನಾನು ಕಳ್ಳನಾ?"

"ಅಲ್ಲ," ಅಂದಳು ದೊಡ್ಡಮ್ಮ. ಎಲ್ಲರೂ ತಿರುಗಿ ನೋಡಿದರು.

ಅವಳು ಬೋಲ್ಟು ಎತ್ತಿ ಹಿಡಿದಳು. "ತಲೆ ಸವೆದಿರೋದನ್ನ ಎಲ್ಲರೂ ನೋಡಿದ್ರಿ. ಮರೆ ನೋಡಲಿಲ್ಲ. ಬೋಲ್ಟು ಎಂಜಿನ್ನಿನೊಳಗೆ ಇದ್ದಾಗ ಮರೆ ಒಳಗೇ ಇರುತ್ತೆ, ಯಾವ ಸ್ಪ್ಯಾನರೂ ಅದನ್ನ ತಾಗಲ್ಲ. ಇಲ್ಲಿ ಎರಡು ಕಡೆಯಿಂದ ಅಮುಕಿದ ಗುರುತಿದೆ. ಅಂದ್ರೆ ಸರಿಯಾದ ಸ್ಪ್ಯಾನರಿನಲ್ಲಿ ಬಿಚ್ಚಿ, ಆಮೇಲೆ ವೈಸಿಗೆ ಸಿಕ್ಕಿಸಿ, ಬೇಕಂತಲೇ ಅಂಗುಲದ ಸ್ಪ್ಯಾನರ್ ಹಾಕಿ ತಲೆ ಕೆಡಿಸಿದ್ದಾರೆ. ಅಧ್ಯಕ್ಷರು ತಮ್ಮ ಕೊರಳಿಗೆ ತಾವೇ ಹಗ್ಗ ಹಾಕ್ಕೋತಾರಾ?"

ಅಧ್ಯಕ್ಷರು ಮೊದಲ ಸಲ ಕುರ್ಚಿ ಎಳೆದುಕೊಂಡರು.

"ಎರಡನೇದು. ಕಾರು ಹಾಳಾಗಲಿ ಅನ್ನೋನು ಎಂಜಿನ್ನಿಗೆ ಒಂದು ಹಿಡಿ ಮಣ್ಣು ಹಾಕಿ ಹೋಗ್ತಿದ್ದ. ಇವನು ಧೂಳು ಹೋಗದ ಹಾಗೆ ಬಾಯಿ ಮುಚ್ಚಿದ್ದಾನೆ. ಕಾರಿನ ಮೇಲೆ ಜೀವ ಇಟ್ಟವನು ಇವನು. ಕಾರು ಇವತ್ತು ಹೊರಡಬಾರದು, ಅಷ್ಟೇ ಅವನಿಗೆ ಬೇಕಿದ್ದದ್ದು."

ಬೆಸುಗೆಯವನ ಬೀಡಿ ಬೆರಳಲ್ಲೇ ಆರಿತ್ತು. "ನಾನಲ್ಲಮ್ಮ..."

"ನೀನಲ್ಲ. ಈ ಅಂಟುಪಟ್ಟಿಯ ತುದಿ ನೋಡು. ಆಮೇಲೆ ಸುಲಭವಾಗಿ ಕೀಳೋಕೆ ಒಳಗೆ ಮಡಚಿದೆ. ಆ ಮೂಲೆಯ ಕಾರಿನ ದೀಪಗಳ ಮೇಲೂ ಪ್ರತಿ ತುದಿ ಹೀಗೇ ಮಡಚಿದೆ. ಬಣ್ಣ ಹೊಡೆಯೋರ ಕೈ ಅದು, ಕಳ್ಳತನಕ್ಕೆ ಹೋದಾಗಲೂ ಅಭ್ಯಾಸ ಬಿಡಲಿಲ್ಲ." ದೊಡ್ಡಮ್ಮ ಅಣ್ಣನ ಕಡೆ ತಿರುಗಿ ದನಿ ತಗ್ಗಿಸಿದಳು. "ತಂಗಿ ಕೈಯಾರೆ ಕಡೆದ ಸಾಮಾನನ್ನ ನೀನು ಎಸೆದಿರಲ್ಲ ಕಣಪ್ಪ. ತಂದುಕೊಡು."

ಅಣ್ಣ ಎದ್ದ. ಬಣ್ಣದ ಡಬ್ಬಗಳ ಹಿಂದಿನಿಂದ, ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಬಳೆಯನ್ನು ತಂದು ತಂಗಿಯ ಮುಂದಿಟ್ಟ.

"ನೀನಾ?" ಅವಳು ಬಳೆಯನ್ನು ಎತ್ತಿಕೊಂಡಳು. "ಮೂರು ಹೊತ್ತೂ ನನ್ನ ಜೊತೆ ಊಟ ಮಾಡಿಕೊಂಡು... ಪಾಪ, ಅಧ್ಯಕ್ಷರ ತಲೆಗೆ ಕಟ್ಟೋಕೆ ನೋಡಿದ್ಯಲ್ಲ!"

"ಬೇಡ ಅಂದ್ರೆ ನೀನು ಕೇಳ್ತಿದ್ಯಾ?" ಅವನು ಸಿಡಿದ. "ಅಪ್ಪನ್ನ ಆ ತಿರುವಿನಿಂದ ಎತ್ತಿ ತಂದವನು ನಾನು. ಅದೇ ಕಾರು, ಅದೇ ತಿರುವು. ನಿನ್ನನ್ನೂ ಎತ್ತಿಕೊಂಡು ಬರಲಾ ಪುಟ್ಟೀ?"

ಮೆಕ್ಯಾನಿಕ್ಕಮ್ಮ ಕೆನ್ನೆ ಒರೆಸಿಕೊಂಡಳು, ಮಸಿ ಇನ್ನಷ್ಟು ಹರಡಿತು. ಅಣ್ಣನ ಕೈ ಹಿಡಿದು ಎಳೆದು, ಮುಂದಿನ ಚಕ್ರದ ಬಳಿ ಕೂರಿಸಿದಳು.

"ಅಪ್ಪನ್ನ ಕೊಂದಿದ್ದು ಕಾರಲ್ಲ, ಬ್ರೇಕು. ಅಸಲಿ ಬ್ರೇಕು! ಬೇರೆ ಹಾಕಿಸಿ ಅಂತ ಎಲ್ಲರೂ ಬಡ್ಕೊಂಡ್ರೂ, ಕಾರಿನ ಮಾನ ಹೋಗುತ್ತೆ ಅಂತ ಅಪ್ಪ ಕೇಳಲಿಲ್ಲ. ಇದನ್ನ ನೋಡು. ವ್ಯಾನಿನ ಬ್ರೇಕು, ಈ ಕಾರಿನ ಎರಡರಷ್ಟು ಭಾರ ನಿಲ್ಲಿಸುತ್ತೆ. ನಾನು ಎಲ್ಲಕ್ಕಿಂತ ಮೊದಲು ಹಾಕಿದ್ದು ಇದನ್ನೇ, ಎಂಜಿನ್ನಿಗಿಂತ ಮೊದಲು. ನಾನು ಸಾಯೋಕೆ ಹೋಗ್ತಿಲ್ಲ ಕಣೋ ಅಣ್ಣಾ. ಆ ತಿರುವು ದಾಟೋಕೆ ಹೋಗ್ತಿದೀನಿ."

ಅಣ್ಣ ಬ್ರೇಕಿನ ಮೇಲೆ ಕೈಯಾಡಿಸಿದ. ಆಮೇಲೆ ಎದ್ದು ಅಧ್ಯಕ್ಷರ ಮುಂದೆ ಕೈಮುಗಿದ. "ತಪ್ಪಾಯ್ತು ಸಾರ್." ಅವರು ಗಡಿಯಾರ ನೋಡಿಕೊಂಡು, "ಓಟಕ್ಕೆ ಹೊತ್ತಾಯ್ತು, ಬೇಗ ಕೂರಿಸಿ," ಅಂದರು.

ತಂಗಿ ಹೊಸ ಬೋಲ್ಟು ತೆಗೆದಳು. "ಬಿಚ್ಚಿದವನೇ ಕೂರಿಸಬೇಕು. ಸರಿಯಾದ ಸ್ಪ್ಯಾನರ್ ತಗೋ. ಪಕ್ಕದ ಸೀಟು ನಿನ್ನದೇ. ಹೆದರಿಕೆ ಆದ್ರೆ ಕಣ್ಣು ಮುಚ್ಚಿಕೋ."

ಮಧ್ಯಾಹ್ನ ನಾನೂ ದೊಡ್ಡಮ್ಮನೂ ಆ ತಿರುವಿನಲ್ಲೇ ನಿಂತಿದ್ದೆವು. ಕೆಂಪು ಕಾರು ವ್ಯಾನಿನಂತೆ ಗುಡುಗುತ್ತಾ ಬಂತು. ಬ್ರೇಕು ಒಮ್ಮೆ ಕಿರುಚಿತು. ಕಾರು ಅಂಚಿಗೆ ಹೋಗದೆ, ದಾರಿ ಕಚ್ಚಿಕೊಂಡು ತಿರುಗಿ ಮೇಲೇರಿತು. ಅಣ್ಣನ ಕಣ್ಣು ತೆರೆದೇ ಇತ್ತು. ದೊಡ್ಡಮ್ಮ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮಾರನೆಯ ದಿನವೂ ನೋಯುತ್ತಿತ್ತು.

ಗೆದ್ದವರು ಬೇರೆ ಯಾರೋ. ಬೆಟ್ಟದ ತುದಿಯಲ್ಲಿ ಅಧ್ಯಕ್ಷರು ಆ ಕಾರಿನ ಸುತ್ತ ಎರಡು ಸುತ್ತು ಹಾಕಿದರು.

"ಮುಂದಿನ ಸಲ ಗೇರ್‌ಬಾಕ್ಸೂ ಬೇರೆ ಕಂಪನಿಯದೇ ಹಾಕ್ತೀನಿ ಸಾರ್," ಅಂದಳು ಮೆಕ್ಯಾನಿಕ್ಕಮ್ಮ.

"ಆಮೇಲೆ ಇದರಲ್ಲಿ ಅಸಲಿ ಅನ್ನೋದು ಏನಮ್ಮ ಉಳಿಯುತ್ತೆ?"

"ಓಡಿಸೋಳು," ಅಂದವಳೇ ಕಾರನ್ನು ಗೇರಿಗೆ ಹಾಕಿದಳು.