ಮೂರನೆಯ ಚಿತ್ರ

ಬಂಗುಡೆ ಮೀನಿನ ಕಿವಿರಿಗೆ ಬೆರಳು ತೂರಿಸಿ ಎಳೆಯುತ್ತಿದ್ದ ವನಜ ತಲೆ ಎತ್ತದೆಯೇ ಸೊಸೆಗೆ ಹೇಳಿದಳು.

"ಆಡುದಾರೆ ಆಡ್ ಹೆಣೆ, ನಾ ಬೇಡ ಅಂಬುದಿಲ್ಲೆ. ಬೆಳ್ಕ್ ಮಾತ್ರ ಏರ್ಸಬೇಡ."

ಕಡಲತಡಿಯ ಊರು ಕೋಡಿಯ ಆ ಮನೆಯ ಹಿತ್ತಿಲಲ್ಲಿ ಅತ್ತೆ ಸೊಸೆ ಎದುರುಬದುರು ಕುಕ್ಕರಗಾಲಿನಲ್ಲಿ ಕೂತಿದ್ದರು. ಅನಿಷಾ ಮದುವೆಯಾಗಿ ಮುಂಬಯಿಯಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಮೀನು ಸೀಳುವ ಕೆಲಸ ಇನ್ನೂ ಕೈಗೆ ಹತ್ತಿರಲಿಲ್ಲ. ಗಂಡ ರತನ್ ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿಯುವವನು. ಕಡಲಿಗೆ ಹೋದರೆ ವಾರಗಟ್ಟಲೆ ಸುದ್ದಿಯಿಲ್ಲ. ಬೇಸರ ಕಳೆಯಲೆಂದು ಅವಳು ಮೈದುನ ಕೀರ್ತನ್ ಬಿಟ್ಟುಹೋಗಿದ್ದ ಗೇಮಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಟಿವಿಗೆ ಜೋಡಿಸಿದ್ದಳು. ಕೀರ್ತನ್ ಅಣ್ಣನೊಡನೆ ಜಗಳವಾಡಿ ಗೋವಾ ಸೇರಿದವನು. ಅಲ್ಲೊಂದು ಗೇಮಿನ ಅಂಗಡಿಯಲ್ಲಿ ಕೆಲಸವಂತೆ. ಊರಿನ ನಂಬರುಗಳನ್ನೆಲ್ಲ ಬ್ಲಾಕ್ ಮಾಡಿದ್ದ.

"ಬ್ರೈಟ್‌ನೆಸ್ ಏರಿಸಿದ್ರೆ ಭೂತ ಬರ್ತದಾ ಅತ್ತೆ?" ಅನಿಷಾ ನಕ್ಕಳು. "ಕರೆಂಟ್ ಬಿಲ್ ಬರ್ತದೆ, ಅಷ್ಟೆ."

ವನಜ ನಗಲಿಲ್ಲ. ಅವಳ ಬಲಗಣ್ಣಿಗೆ ದೃಷ್ಟಿ ಇರಲಿಲ್ಲ, ಎಡಗಣ್ಣೂ ಮಂದ. ಆ ಮಂದಗಣ್ಣನ್ನು ಸೊಸೆಯ ಕಡೆ ತಿರುಗಿಸಿದಳು.

"ನಿನ್ನ ಮಾವ ಲೈಟ್ ಫಿಶಿಂಗ್ ಮಾಡ್ತಿದ್ರ್. ಕತ್ಲಿ ಕಡ್ಲಿಗೆ ಹಗ್ಲಿನಂಥ ಬೆಳ್ಕ್ ಬಿಟ್ಟ್, ಅಡಗಿ ಕೂತ ಮರಿಮೀನನ್ನೂ ಬಾಚ್ಕಂಡ್ ಬಂದ್ರ್. ಸಣ್ಣ ದೋಣಿಯವ್ರಿಗೆ ಎಂತದೂ ಉಳೀಲಿಲ್ಲೆ. ಪದ್ದು ಅಂದೇಳಿ ಒಬ್ಳ್ ಮುದ್ಕಿ. ಅವ್ಳ ಗಂಡ ಬರಿಗೈಲಿ ಬಂದ್ ಬಂದ್ ಸೊರಗಿ ಸತ್ತ. ಅವ್ಳ್ ಮಾಟ ಮಾಡ್ಸದ್ಳ್. ಒಂದ್ ಬುಟ್ಟಿ ಮೀನಿನ ಕಣ್ಣ್ ಕಿತ್ತ್ ನಮ್ಮ ಹೊಸ್ತಿಲಡಿ ಹುಗ್ದಳ್. ಈ ಮನಿಯವ್ರ್ ಕತ್ಲಲ್ಲಿ ಇಪ್ಪುದನ್ನ ಬೆಳ್ಕ್ ಹಾಕಿ ಹುಡ್ಕಿರೆ, ಆ ಬೆಳ್ಕ್ ಮನಿಯವ್ರ ಕಣ್ಣಿಂದ್ಲೇ ಹೋಯ್ಲಿ ಅಂದಳ್. ಮಾವ ಕಣ್ಣ್ ಕಾಣದೆ ಬೋಟಿಂದ ಕಾಲ್ ತಪ್ಪಿ ಹೋದ್ರ್. ನನ್ನ ಈ ಕಣ್ಣ್..."

ಅವಳು ಇನ್ನೊಂದು ಬಂಗುಡೆ ಎತ್ತಿಕೊಂಡಳು.

"ಅದು ಪೊರೆ ಅತ್ತೆ. ಆಪರೇಷನ್ ಮಾಡಿದ್ರೆ ಸರಿ ಹೋಗ್ತದೆ."

"ಡಾಕ್ಟ್ರ್ ಕಂಡಿದ್ರ್. ಪೊರೆ ಇಲ್ಲೆ ಅಂದ್ರ್. ಕಣ್ಣಲ್ಲಿ ಎಂತದೂ ಇಲ್ಲೆ ಅಂದ್ರ್."

ಊಟವಾದ ಮೇಲೆ ವನಜ ಹಿಂದಿನ ಜಗಲಿಯಲ್ಲಿ ಮಲಗಿದಳು. ಅನಿಷಾ ಟಿವಿಯ ಮುಂದೆ ಕೂತಳು. ಮುಳುಗಿದ ಕೋಟೆಯೊಂದರ ಸುರಂಗಗಳಲ್ಲಿ ದಾರಿ ಹುಡುಕುವ ಆಟ. ಆದರೆ ಪಡುವಣ ಬಾಗಿಲಿನಿಂದ ಇಳಿಬಿಸಿಲು ನೇರ ಪರದೆಗೇ ಬಡಿಯುತ್ತಿತ್ತು. ಬಾಗಿಲು ಹಾಕಿದರೆ ಉಸಿರುಗಟ್ಟುವ ಸೆಖೆ. ಸುರಂಗವಿರಬೇಕಾದಲ್ಲಿ ಬರೀ ಕಪ್ಪು, ಆ ಕಪ್ಪಿನಲ್ಲಿ ಅವಳದೇ ಮುಖ.

ಅವಳು ಬೆಳಕಿನ ಪುಟ ತೆರೆದಳು. ಸಾಲಾಗಿ ಮೂರು ಚೌಕ, ಕೆಳಗೆ ಸೂಚನೆ. ಮೊದಲನೆಯ ಚಿತ್ರ ಚೆನ್ನಾಗಿ ಕಾಣಬೇಕು. ಎರಡನೆಯದು ಕಂಡೂ ಕಾಣದಂತಿರಬೇಕು. ಮೂರನೆಯದು ಕಾಣಲೇಬಾರದು.

ಬೆಳಕಿನ ಅಳತೆಪಟ್ಟಿಯಲ್ಲಿ ಒಂದು ಗೆರೆ ಏರಿಸಿದಳು. ಮೊದಲ ಚೌಕದಲ್ಲಿ ಕೋಟೆಯ ಬುರುಜು ಮೂಡಿತು. ಇನ್ನೊಂದು ಗೆರೆ. ಎರಡನೆಯದರಲ್ಲೂ ಅದೇ ಬುರುಜು, ಮಸುಕಾಗಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೂರನೆಯ ಚೌಕದ ಕಪ್ಪಿನಲ್ಲಿ ಏನೋ ಅಲುಗಿದಂತಾಯಿತು. ಮತ್ತೊಂದು ಗೆರೆ ಏರಿಸಿದಳು.

ಅಲ್ಲಿದ್ದದ್ದು ಬುರುಜಲ್ಲ. ಒಂದು ಬೆನ್ನು. ಯಾರೋ ಕುಕ್ಕರಗಾಲಿನಲ್ಲಿ ಕೂತು ಬುಟ್ಟಿಯ ಮೇಲೆ ಬಾಗಿ ಏನನ್ನೋ ಹೆಕ್ಕುತ್ತಿದ್ದಾರೆ. ಮನೆಯೊಳಗೆ ಡೀಸೆಲ್ಲಿನ ವಾಸನೆ ಬಂತು. ಅದರ ಹಿಂದೆಯೇ ಹಳಸಿದ ಮೀನಿನ ವಾಸನೆ.

ಫೋನು ಬಡಿದುಕೊಂಡಿತು. ರತನ್. ಅವಳು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟಳು.

"ಹ್ವಾಯ್, ಅಳಿವಿ ಬಾಗ್ಲಿಗೆ ಬಂತ್ ಬೋಟ್, ಕಲ್ಲಿನ ಗೋಡೆ ದಾಟಿರೆ ಆಯ್ತ್. ಸಾರಿಗೆ ಹುಳಿ ಸಮಾ ಹಾಕ್, ಹೋದ್ಸಲದ ಹಾಂಗ್ ಪಾಯ್ಸ ಮಾಡಿಡಬೇಡ."

"ಬನ್ನಿ ಬನ್ನಿ, ಈ ಸಲ ನಿಮ್ಮ ಅಮ್ಮನೇ ಮಾಡಿದ್ದು," ಎಂದು ನಗುತ್ತ, ಕಣ್ಣು ಪರದೆಯಿಂದ ಕೀಳದೆ, ಇನ್ನೊಂದು ಗೆರೆ ಏರಿಸಿದಳು. ಮುಖ ಕಂಡರೆ ಸಾಕಿತ್ತು.

"ಎಂತದಿದ್, ಇಷ್ಟ್ ಬೇಗ ಕತ್ಲಿ ಆಯ್ತ್?"

ಬಾಗಿಲಾಚೆ ಮರಳು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ಗಂಡನದು ತಮಾಷೆ ಎಂದುಕೊಂಡಳು. ಬೆರಳು ತಾನಾಗಿ ಒತ್ತಿತು.

ಮುದುಕಿ ತಿರುಗಿದಳು.

ಮುಖದಲ್ಲಿ ಕಣ್ಣಿರಲಿಲ್ಲ. ಕಣ್ಣುಗಳೆಲ್ಲ ಬುಟ್ಟಿಯಲ್ಲಿದ್ದವು. ಒದ್ದೆಯಾಗಿ, ದುಂಡಗೆ, ರೆಪ್ಪೆಯಿಲ್ಲದೆ. ಎಲ್ಲವೂ ಅನಿಷಾಳನ್ನೇ ನೋಡುತ್ತಿದ್ದವು.

"ಕಾಣ್ತಿಲ್ಲೆ!" ಫೋನಿನಲ್ಲಿ ರತನ್ ಕಿರುಚಿದ. "ಕಣ್ಣ್ ಕಾಣ್ತಿಲ್ಲೆ! ಕಲ್ಲಿನ ಗೋಡೆ ಎಲ್ಲಿತ್ತ್? ಯಾರಾರೂ ಹೇಳಿನಿ!"

"ತಾಂಡೇಲ್ರೇ, ಎಡಕ್ಕ್! ಎಡಕ್ಕ್ ತಿರ್ಗ್ಸಿ! ಕಲ್ಲ್! ಕಲ್ಲ್!" ಬೋಟಿನ ಇನ್ನೊಬ್ಬನ ಕೂಗು.

ಅನಿಷಾ ಗೆರೆ ಇಳಿಸಿದಳು. ಒಂದು. ಎರಡು. ಕೊನೆಯವರೆಗೆ. ಪರದೆ ಕಪ್ಪಾಯಿತು. ಬುರುಜುಗಳು ಅಳಿದವು. ಮುದುಕಿ ಅಳಿಯಲಿಲ್ಲ. ಹತ್ತಿರ ಬಂದಳು. ಅನಿಷಾ ವೈರು ಕಿತ್ತಳು. ಪರದೆ ಆರಿತು. ಮುದುಕಿ ಅಲ್ಲೇ ಇದ್ದಳು.

ಗೋಡೆ ಸವರುತ್ತ, ಮಣೆಗೆ ಎಡವುತ್ತ ವನಜ ಓಡಿಬಂದಳು. ಫೋನಿನಲ್ಲಿ ಮಗನ ಕೂಗು. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಇಳ್ಸಿರೆ ಹೋದ ಕಣ್ಣ್ ವಾಪಸ್ ಬತ್ತಿಲ್ಲೆ. ಬದ್ಲಿಗೆ ಕಣ್ಣೇ ಕೊಡ್ಕ್." ಪರದೆಯ ಮುಂದೆ ಬಿದ್ದು ತನ್ನ ಎಡಗಣ್ಣನ್ನು ಗಾಜಿಗೆ ಒತ್ತಿದಳು. "ತಕೋ ಪದ್ದಕ್ಕ. ಇದನ್ನೂ ತಕೋ. ಮಗನ್ನ ಬಿಡ್!"

ಮುದುಕಿ ತಲೆಯಾಡಿಸಿದಳು. ಆರಿಹೋಗುತ್ತಿರುವ ದೀಪ ಅವಳಿಗೆ ಬೇಡವಾಗಿತ್ತು.

ಅನಿಷಾ ಅತ್ತೆಯನ್ನು ಪಕ್ಕಕ್ಕೆ ತಳ್ಳಿದಳು. ಮುಖ ಗಾಜಿಗೆ ಕೊಟ್ಟಳು. ಕಣ್ಣು ಮುಚ್ಚಲಿಲ್ಲ. ಗಾಜು ಐಸಿನಂತೆ ತಣ್ಣಗಿತ್ತು. ಒಳಗಿನಿಂದ ಎರಡು ಬೆರಳು ಬಂದವು. ಕಿವಿರು ಹುಡುಕುವ ಬೆರಳು. ಅದೇ ಹೊತ್ತಿಗೆ ಹಿಂದಿನಿಂದ ಮೀನಿನ ನಾತದ ಅಂಗೈಯೊಂದು ಅವಳ ಎಡಗಣ್ಣನ್ನು ಬಿಗಿಯಾಗಿ ಮುಚ್ಚಿತು.

"ಒಂದ್ ಸಾಕ್!" ವನಜ ಪರದೆಗೆ ಕೂಗಿದಳು. "ಒಂದ್ ಸಾಕ್ ಪದ್ದಕ್ಕ, ಇದ್ ಸಣ್ಣ ಹೆಣ್ಣ್!"

ಬಲಗಣ್ಣಿನಲ್ಲಿ ಬಿಳಿಯ ಮಿಂಚೊಂದು ಹೊಡೆಯಿತು. ಆಮೇಲೆ ಅಲ್ಲಿ ಕತ್ತಲೆಯೂ ಇರಲಿಲ್ಲ.

ಫೋನಿನಲ್ಲಿ ಕಲ್ಲಿಗೆ ಮರ ಉಜ್ಜುವ ಸದ್ದು. ಇಂಜಿನ್ನಿನ ಆರ್ಭಟ. ಮತ್ತೆ ಮೌನ. ಕೊನೆಗೆ ಏದುಸಿರಿನ ನಡುವೆ ರತನ್:

"ಕಂಡ್ತ್... ಈಗ ಕಂಡ್ತ್. ಒಳ್ಗ್ ಬಂತ್."

ರತನ್ ಆ ಪೆಟ್ಟಿಗೆಯನ್ನೂ ಟಿವಿಯನ್ನೂ ಸುತ್ತಿಗೆಯಿಂದ ಜಜ್ಜಿ ಅಳಿವೆಯಲ್ಲಿ ಎಸೆದು ಬಂದ. ಅಲ್ಲಿಗೆ ಮುಗಿಯಿತು ಎಂದ. ಹೆಂಡತಿಯ ಮುಖ ನೋಡಲಾಗದೆ ಬೇಗನೇ ಕಡಲಿಗೆ ಹೋದ.

ಒಂದು ನಡುಹಗಲು ಅತ್ತೆ ಸೊಸೆ ಹಿತ್ತಿಲಲ್ಲಿ ಬೂತಾಯಿ ಮೀನು ಸ್ವಚ್ಛ ಮಾಡುತ್ತಿದ್ದರು. ಇಬ್ಬರ ಕೈಯೂ ಒಟ್ಟಿಗೇ ನಿಂತಿತು.

"ಮೋಡ ಬಂತಾ ಹೆಣೆ?"

ಅನಿಷಾ ಉಳಿದ ಕಣ್ಣಿನಿಂದ ಆಕಾಶ ನೋಡಿದಳು. ಒಂದು ತುಣುಕು ಮೋಡವೂ ಇರಲಿಲ್ಲ. ಆದರೂ ತೆಂಗಿನ ಗರಿ, ಬಟ್ಟೆಯ ಹಗ್ಗ, ಅತ್ತೆಯ ಮುಖ, ಎಲ್ಲವೂ ಒಂದು ಪದರ ಮಸಿ ಬಳಿದಂತೆ ಕಂಡಿತು.

"ಪೆಟ್ಟಿಗೆ ಒಡೆದು ಹಾಕಿದ್ರಲ್ಲ ಅತ್ತೆ. ಇನ್ಯಾರು..." ಎಂದವಳು ತಡೆದಳು. ಇಬ್ಬರಿಗೂ ಒಂದೇ ಹೆಸರು ಹೊಳೆದಿತ್ತು. ಗೋವಾದ ಅಂಗಡಿ. ಸಾಲು ಪರದೆ. ಬೆಳಗಿನಿಂದ ರಾತ್ರಿಯವರೆಗೆ ಬೆಳಕು ಏರಿಸುವ ಅದೇ ಕೆಲಸ.

ವನಜ ಎದ್ದು ಹೋಗಿ ಅಕ್ಕಿಡಬ್ಬದ ಅಡಿಯಿಂದ ಒಂದು ಲಕೋಟೆ ತಂದಳು. ಅಂಚು ಹಳದಿಗಟ್ಟಿತ್ತು. ಕೀರ್ತನನ ಗೆಳೆಯನಿಂದ ಬರೆಸಿಕೊಂಡಿದ್ದ ಗೋವಾದ ವಿಳಾಸ ಅದರ ಮೇಲಿತ್ತು.

"ಅವ್ನ್ ಹೋದ ವರ್ಷವೇ ಬರ್ದಿದ್ದೆ. ಇನ್ಮೇಲ್ ಬೆಳ್ಕ್ ಏರ್ಸಬೇಡ, ನನ್ನ ಕಣ್ಣ್ ಹೋದ್ದ್ ಅದ್ರಿಂದ್ಲೇ ಅಂದೇಳಿ." ಅವಳು ಹೆಬ್ಬೆರಳಿನಿಂದ ವಿಳಾಸ ಸವರಿದಳು. "ಮಗನಿಗೆ ಅದನ್ನ ಹ್ಯಾಂಗ್ ಹೇಳುದ್? ನಂದೇ ಹೋಪುದಲ್ದಾ, ಹೋಯ್ಲಿ ಅಂದೇಳಿ ಇಟ್ಕಂಡೆ."

"ಅವರು ಬೋಟಲ್ಲಿದ್ದಾರೆ ಅತ್ತೆ. ಚುಕ್ಕಾಣಿ ಅವರ ಕೈಲೇ."

ವನಜ ಲಕೋಟೆಯನ್ನು ಸೊಸೆಯ ಕೈಗಿಟ್ಟಳು.

ರಸ್ತೆ ಬದಿಯ ಅಂಚೆ ಡಬ್ಬ ಮುಟ್ಟಿದರೆ ಸುಡುವಷ್ಟು ಕಾದಿತ್ತು. ಅನಿಷಾ ಬೆರಳಿನಿಂದ ಅದರ ಬಾಯಿ ಹುಡುಕಿದಳು. ಪತ್ರ ಗೋವಾ ಮುಟ್ಟಲು ಎಷ್ಟು ದಿನವೋ. ಒಳಗೆ ತಳ್ಳಿದಳು. ಕೆಳಗೆ ಬಿದ್ದ ಸಣ್ಣ ಸದ್ದು ಕೇಳಿತು.

ನೆತ್ತಿಯ ಮೇಲೆ ಉರಿಯುತ್ತಿದ್ದ ಬಿಸಿಲು ಇನ್ನೊಂದು ಗೆರೆ ಇಳಿಯಿತು.